ಒಂದೇ ಡಿಕ್ಕಿ, ಎರಡು ಲೆಕ್ಕ

ಮಂಡ್ಯ ಸೀಮೆಯಲ್ಲಿ ಕಬ್ಬಿನ ಕಟಾವು ಜೋರಾದರೆ ನನ್ನ ವಕೀಲಿ ಆಫೀಸಿಗೆ ಒಂದೇ ಥರದ ಕೇಸುಗಳು ಬರುತ್ತವೆ. ರಾತ್ರಿ ಹೊತ್ತು, ರಸ್ತೆಯಲ್ಲಿ ನಿಂತ ಕಬ್ಬಿನ ಟ್ರ್ಯಾಕ್ಟರ್, ಹಿಂದಿನಿಂದ ಗುದ್ದಿದ ಬೈಕು. ಇದು 2021ರ ಜನವರಿಯದು. ಬೈಕ್ ಓಡಿಸುತ್ತಿದ್ದವರಿಗೆ ತೊಡೆಮೂಳೆ ಮುರಿದಿತ್ತು. ಹಿಂದೆ ಕೂತಿದ್ದ ಭಾವಮೈದನಿಗೆ ಮುಂಗೈ ಮುರಿದಿತ್ತು. ಟ್ರ್ಯಾಕ್ಟರು ಪಂಕ್ಚರ್ ಆಗಿ, ಎರಡು ಟ್ರೇಲರ್ ಸಮೇತ ಟಾರಿನ ಮೇಲೇ ನಿಂತಿತ್ತು.

"ಚಾರ್ಜ್‌ಶೀಟ್ ಟ್ರ್ಯಾಕ್ಟರ್ ಡ್ರೈವರ್ ಮೇಲೇ ಹಾಕವ್ರೆ ಸಾರ್. ಇನ್ನೇನು, ಗೆದ್ದಂಗೇ ಅಲ್ವಾ?" ಅಂದರು ಬೈಕಿನವರು.

ಅಲ್ಲ. ಚಾರ್ಜ್‌ಶೀಟು ಒಂದು ಸಾಕ್ಷ್ಯ ಅಷ್ಟೇ. ಅಪಘಾತ ಪರಿಹಾರದ ನ್ಯಾಯಮಂಡಳಿ ಯಾರ ತಪ್ಪು ಎಷ್ಟು ಎಂದು ತಾನೇ ತೂಗುತ್ತದೆ. ಟ್ರ್ಯಾಕ್ಟರಿನ ಇನ್ಶೂರೆನ್ಸ್ ಪರ ವಕೀಲರು ಎದ್ದು ನಿಂತರೆ ಮೊದಲ ಮಾತೇ "ಹಿಂದಿನಿಂದ ಗುದ್ದಿದವನದ್ದೇ ತಪ್ಪು, ಕನಿಷ್ಠ ಶೇಕಡಾ 50 ಕಳೆಯಿರಿ" ಎಂದು. ಅದನ್ನು ಒಪ್ಪಿದರೆ 8 ಲಕ್ಷ ಆಗಬೇಕಾದದ್ದು 4 ಲಕ್ಷಕ್ಕೆ ಇಳಿಯುತ್ತದೆ. ಕೋರ್ಟಿನಲ್ಲಿ ನಾವು ಇದನ್ನು ಕಾಂಟ್ರಿಬ್ಯೂಟರಿ ಅನ್ನುತ್ತೇವೆ, ಅಂದರೆ ಪೆಟ್ಟು ತಿಂದವನದ್ದೇ ತಪ್ಪಿನ ಪಾಲು.

ಇಂಥ ಕೇಸು ಬಂದರೆ ಮೊದಲು ಜಾಗ ನೋಡುತ್ತೇನೆ. ಅಪಘಾತ ಆದ ಹೊತ್ತಿಗೇ, ಅಂದರೆ ರಾತ್ರಿ ಎಂಟೂವರೆಗೆ ಹೋದೆ. ಪೊಲೀಸರ ಸ್ಕೆಚ್‌ನಲ್ಲಿ ರಸ್ತೆ ನೆಟ್ಟಗಿತ್ತು. ಅವರ ಸ್ಕೆಚ್‌ನಲ್ಲಿ ಎಲ್ಲಾ ರಸ್ತೆಗಳೂ ನೆಟ್ಟಗೇ ಇರುತ್ತವೆ! ನಿಜವಾಗಿ ನೋಡಿದರೆ ಎಪ್ಪತ್ತು ಹೆಜ್ಜೆ ಹಿಂದೆ ತಿರುವು. ಎರಡೂ ಕಡೆ ಆಳೆತ್ತರದ ಕಬ್ಬು. ಒಂದು ಬೀದಿದೀಪವೂ ಇಲ್ಲ. ಬೆಳಿಗ್ಗೆ ಮತ್ತೆ ಹೋಗಿ ಟೇಪು ಹಿಡಿದೆ. ಟಾರು 18 ಅಡಿ. ಮಹಜರಿನ ಪ್ರಕಾರ ಟ್ರೇಲರ್ ಅದರಲ್ಲಿ 6 ಅಡಿ ತಿಂದಿತ್ತು.

ಆದರೆ ಎಪ್ಪತ್ತು ಹೆಜ್ಜೆ ನಮಗೂ ಕಷ್ಟವೇ. ನಿಧಾನ ಬಂದಿದ್ದರೆ ಬ್ರೇಕ್ ಹಾಕಬಹುದಿತ್ತಲ್ಲ? ಎಷ್ಟು ಸ್ಪೀಡಿತ್ತು ಅಂದೆ. "ಮೂವತ್ತು ಸಾರ್." ನಲವತ್ತು ದಾಟಿದ ಕಕ್ಷಿದಾರನನ್ನು ನಾನಿನ್ನೂ ನೋಡಿಲ್ಲ. ಎರಡನೇ ಸಲ ಕೂರಿಸಿ ಕೇಳಿದಾಗ ನಿಜ ಬಂತು. ಎದುರಿಗೆ ಬಸ್ಸು ಬಂತು, ಲೈಟು ಕಣ್ಣಿಗೆ ಹೊಡೆಯಿತು, ಆದರೂ ಇವರು ಸ್ಪೀಡು ಇಳಿಸಲಿಲ್ಲ. ಕಟಕಟೆಯಲ್ಲೂ ಹಾಗೇ ಹೇಳಿ ಅಂದೆ. ಹೀಗೆ ಒಪ್ಪಿಕೊಂಡರೆ ಸ್ವಲ್ಪ ದುಡ್ಡು ಹೋಗುತ್ತದೆ, ನಿಜ. ಆದರೆ ಮೂವತ್ತು ಎಂದು ಹೇಳಿ ಸಿಕ್ಕಿಬಿದ್ದರೆ ಉಳಿದ ಯಾವ ಮಾತನ್ನೂ ಜಡ್ಜ್ ನಂಬುವುದಿಲ್ಲ.

ಅತ್ತ ಟ್ರ್ಯಾಕ್ಟರ್ ಡ್ರೈವರ್ ಹಿಂದಿನ ಕೆಂಪು ದೀಪ ಉರಿಯುತ್ತಿತ್ತು, ಡಿಕ್ಕಿಯಲ್ಲಿ ಒಡೆಯಿತು ಅಂದ. ಕೇಸು ತಿರುಗಿದ್ದು ಇಲ್ಲೇ. ಮೋಟಾರು ವಾಹನ ಇನ್‌ಸ್ಪೆಕ್ಟರ್ ಗುದ್ದಿಕೊಂಡ ವಾಹನಗಳನ್ನು ನೋಡಿ ಕೊಡುವ ಐಎಂವಿ ರಿಪೋರ್ಟನ್ನು ಬಹಳ ಜನ ಸುಮ್ನೆ ಲಗತ್ತಿಸಿ ಬಿಡುತ್ತಾರೆ. ನಾನು ಸಾಲು ಸಾಲಾಗಿ ಓದಿದೆ. ಬೈಕಿನ ಹೆಡ್‌ಲೈಟ್ ಪುಡಿ, ಫೋರ್ಕ್ ಬೆಂಡು, ಟ್ರೇಲರಿನ ಬಲ ಮೂಲೆ ಒಳಕ್ಕೆ ಹೋಗಿದೆ. ಟ್ರೇಲರಿನ ದೀಪ ಒಡೆದಿದೆ ಎಂಬ ಮಾತೇ ಇಲ್ಲ. ಆ ಇನ್‌ಸ್ಪೆಕ್ಟರನ್ನೇ ಸಾಕ್ಷಿಗೆ ಕರೆಸಿದೆ. "ಒಡೆಯೋಕೆ ದೀಪ ಇರಲೇ ಇಲ್ಲ, ರಿಫ್ಲೆಕ್ಟರೂ ಇರಲಿಲ್ಲ" ಅಂದರು. ನನಗೆ ಬೇಕಿದ್ದದ್ದು ಅಷ್ಟೇ.

ಆಮೇಲೆ ಹೆಲ್ಮೆಟ್ ವಿಷಯ. ಹೆಲ್ಮೆಟ್ ಇರಲಿಲ್ಲ ಎಂದು ಅರ್ಧ ಗಂಟೆ ಪಾಟೀಸವಾಲು. ಮುರಿದದ್ದು ತೊಡೆ! ಲೈಸೆನ್ಸ್ ಮುಗಿದಿತ್ತು ಎಂಬುದೂ ಬಂತು. ಲೈಸೆನ್ಸ್ ಇಲ್ಲದಿದ್ದರೆ ದಂಡ ಕಟ್ಟಬೇಕು, ಆದರೆ ಅದೊಂದೇ ಕಾರಣಕ್ಕೆ ಅಪಘಾತದಲ್ಲಿ ಪಾಲು ಹೊರಿಸುವಂತಿಲ್ಲ. ಸುಧೀರ್ ಕುಮಾರ್ ರಾಣಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೀಗೆ ಹೇಳಿದೆ. 2020ರ ಮೊಹಮ್ಮದ್ ಸಿದ್ದಿಕ್ ತೀರ್ಪು ಇನ್ನೂ ಚೆನ್ನಾಗಿದೆ. ಬೈಕಿನಲ್ಲಿ ಮೂವರು ಕೂತಿದ್ದರೂ, ಆ ತಪ್ಪಿಗೂ ಅಪಘಾತಕ್ಕೋ ಗಾಯಕ್ಕೋ ನಂಟು ತೋರಿಸದೆ ಪರಿಹಾರ ಕತ್ತರಿಸುವಂತಿಲ್ಲ. ಹಾಗಾಗಿ ನಾನು ಪ್ರತಿ ತಪ್ಪಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಇಲ್ಲದಿದ್ದರೆ ಡಿಕ್ಕಿ ತಪ್ಪುತ್ತಿತ್ತಾ? ಲೈಸೆನ್ಸ್ ಇದ್ದಿದ್ದರೂ ತಪ್ಪುತ್ತಿರಲಿಲ್ಲ. ಸ್ಪೀಡು ಇಳಿಸಿದ್ದರೆ ತಪ್ಪುತ್ತಿತ್ತೇನೋ. ದೀಪ ಇದ್ದಿದ್ದರೆ ಖಂಡಿತ ತಪ್ಪುತ್ತಿತ್ತು.

ನ್ಯಾಯಮಂಡಳಿ ಟ್ರ್ಯಾಕ್ಟರಿಗೆ 75, ಬೈಕಿಗೆ 25 ಹೊರಿಸಿತು. 8 ಲಕ್ಷದಲ್ಲಿ 6 ಲಕ್ಷ ಉಳಿಯಿತು.

ಇನ್ನು ಭಾವಮೈದ. ಅವರನ್ನು ಮೊದಲೇ ಬೇರೆ ವಕೀಲರ ಹತ್ತಿರ ಕಳಿಸಿದ್ದೆ. ಮನೆಯವರಿಗೆ ಬೇಜಾರಾಗಿತ್ತು. "ಒಂದೇ ಮನೆಯೋರು, ಒಬ್ಬರೇ ಲಾಯರ್ ಸಾಲ್ದಾ?" ಅಂದಿದ್ದರು. ಸಾಲದು, ಇಬ್ಬರ ಹಿತ ಬೇರೆ ಬೇರೆ. ಹಿಂದೆ ಕೂತವನ ಕೈಯಲ್ಲಿ ಹ್ಯಾಂಡಲ್ ಇರಲಿಲ್ಲ. ಅವನ ಮಟ್ಟಿಗೆ ಇದು ಕಾಂಪೋಸಿಟ್, ಅಂದರೆ ಬೇರೆ ಇಬ್ಬರು ಸೇರಿ ಮಾಡಿದ ತಪ್ಪು. 2015ರ ಖೆನ್ಯೇಯಿ ತೀರ್ಪಿನಂತೆ ಅವನು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಹಣ ವಸೂಲು ಮಾಡಬಹುದು. ಅವರ ವಕೀಲರು ಟ್ರ್ಯಾಕ್ಟರ್ ಕಡೆಯವರ ಮೇಲಷ್ಟೇ ಹಾಕಿದರು. ಇನ್ಶೂರೆನ್ಸ್ ವಕೀಲರು ಸುಮ್ಮನಿರಲಿಲ್ಲ, ಅರ್ಜಿ ಕೊಟ್ಟು ಬೈಕ್ ಮಾಲೀಕರನ್ನೂ, ಅಂದರೆ ನನ್ನ ಕಕ್ಷಿದಾರರನ್ನೂ ಆ ಕೇಸಿಗೆ ಎಳೆದರು. ಬೈಕಿಗೆ ಇದ್ದದ್ದು ಬರೀ ಥರ್ಡ್ ಪಾರ್ಟಿ ಪಾಲಿಸಿ. ಅದು ಹಿಂದೆ ಕೂತವರಿಗೆ ಬರುವುದಿಲ್ಲ, ಬೈಕಿನ ಪಾಲು ಮಾಲೀಕರ ಜೇಬಿನಿಂದಲೇ ಹೋಗಬೇಕು.

ಭಾವಮೈದನಿಗೆ ಪೂರ್ತಿ 2 ಲಕ್ಷವನ್ನು ಟ್ರ್ಯಾಕ್ಟರಿನ ಇನ್ಶೂರೆನ್ಸ್ ಕೊಡಬೇಕು, ಅದರಲ್ಲಿ ಶೇಕಡಾ 25ನ್ನು ಬೈಕ್ ಮಾಲೀಕರಿಂದ ವಸೂಲು ಮಾಡಿಕೊಳ್ಳಬಹುದು ಎಂದು ಆದೇಶವಾಯಿತು. ಕೋರ್ಟಿನ ವರಾಂಡದಲ್ಲಿ ಬೈಕಿನವರು ಊರುಗೋಲು ಗೋಡೆಗೆ ಒರಗಿಸಿ ಬೆರಳು ಮಡಚಿ ಲೆಕ್ಕ ಹಾಕಿದರು.

"ಹಂಗಾದ್ರೆ ಇವನ ಕೈಗೆ ನಾನೇ ಐವತ್ತು ಸಾವಿರ ಕೊಟ್ಟಂಗಾಯ್ತಲ್ಲ ಸಾರ್?"

"ಹೌದು," ಅಂದೆ.

ಭಾವಮೈದ ಆ ಕಡೆ ತಿರುಗಿ ಬೈಕಿನ ಕೀ ಹುಡುಕುತ್ತಿದ್ದರು.