ಡಬ್ಬಿಯ ಮಳೆ, ದೊಡ್ಡಪ್ಪನ ಮಳೆ

ಚಳ್ಳಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ ನನಗಿರುವುದು ಐದು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ. ಕೊಳವೆಬಾವಿ ಇಲ್ಲ, ಬೆಳೆಯುವುದು ಶೇಂಗಾ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದಾದ್ದರಿಂದ ಇಲ್ಲಿ ಕಟ್ಟೆಯ ಮೇಲೆ ಇಬ್ಬರು ಕೂತರೆ ಮೊದಲ ಮಾತು ಮಳೆಯದೇ ಆಗಿರುತ್ತದೆ. ಹೀಗಿದ್ದೂ ನಾನು ಬೇಸಾಯಕ್ಕೆ ಇಳಿದ ಮೊದಲ ಆರು ವರ್ಷ ಒಂದು ದಿನವೂ ಮಳೆಯನ್ನು ಅಳೆದವನಲ್ಲ. ಹನಿ ಮಳೆ, ಜೋರು ಮಳೆ, ಬದು ಒಡೆದ ಮಳೆ, ಇಷ್ಟರಲ್ಲೇ ನನ್ನ ಲೆಕ್ಕ ಮುಗಿಯುತ್ತಿತ್ತು.

ಅಳೆಯಬೇಕೆಂಬ ಬುದ್ಧಿ ಬಂದದ್ದು ಬೀಜ ಕಳೆದುಕೊಂಡ ಮೇಲೆ. 2018ರ ಜೂನ್‌ನಲ್ಲಿ ಮೃಗಶಿರ ಮಳೆ ಒಂದು ಸಂಜೆ ಗುಡುಗಿ ಸುರಿಯಿತು. ಮರುದಿನ ಬೆಳಿಗ್ಗೆಯೇ ನಾನು ಕೂರಿಗೆ ಹೂಡಿ, ಎರಡು ಕ್ವಿಂಟಲ್‌ಗೂ ಮಿಕ್ಕ ಬೀಜವನ್ನು ಎರಡು ದಿನದಲ್ಲಿ ಮಣ್ಣಿಗೆ ಹಾಕಿದೆ. ಮೇಲಿನ ನಾಲ್ಕು ಬೆರಳಿನಷ್ಟು ಮಣ್ಣು ಮಾತ್ರ ನೆಂದಿದೆ, ಅದರ ಕೆಳಗೆ ಬೇಸಿಗೆಯ ಧೂಳು ಹಾಗೆಯೇ ಇದೆ ಎಂಬುದನ್ನು ಕೆದಕಿ ನೋಡುವಷ್ಟು ತಾಳ್ಮೆ ಇರಲಿಲ್ಲ. ಮೊಳಕೆಯೇನೋ ಬಂತು, ಆಮೇಲೆ ಬಂದದ್ದು ಗಾಳಿ, ಇಪ್ಪತ್ತು ದಿನ ಬರೀ ಗಾಳಿ. ಒಣಗಿದ ಸಾಲುಗಳ ನಡುವೆ ನಿಂತಿದ್ದಾಗ ನಮ್ಮ ದೊಡ್ಡಪ್ಪ ಬದುವಿನ ಮೇಲಿಂದಲೇ, "ಮಳೆ ಬಂತು ಅಂತ ಬಿತ್ತಬಾರ್ದು ಕಣಪ್ಪಾ, ಹದ ಬಂತಾ ಅಂತ ನೋಡಬೇಕು" ಎಂದರು. ಅದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದು ಸಿಟ್ಟು ಬಂತು. ಹೇಳಿದ್ದರೆ ಕೇಳುತ್ತಿದ್ದೆನೇ ಎಂಬುದು ಬೇರೆ ಮಾತು.

ಮುಂದಿನ ವರ್ಷ ಬಾಯಿಯೂ ತಳವೂ ಒಂದೇ ಅಗಲವಿರುವ, ಗೋಡೆ ನೇರವಾಗಿರುವ ಒಂದು ಡಬ್ಬಿಯನ್ನು ಗೂಟಕ್ಕೆ ಕಟ್ಟಿ ನಿಲ್ಲಿಸಿದೆ. ಅಂಥ ಡಬ್ಬಿ ಎಷ್ಟೇ ಅಗಲವಿರಲಿ, ಅದರಲ್ಲಿ ನಿಂತ ನೀರಿನ ಎತ್ತರವೇ ಆ ದಿನದ ಮಳೆ. ಮಗಳ ಶಾಲೆಯ ಅಳತೆಪಟ್ಟಿಯೇ ಸಾಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು, ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್. ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದು ನೀರು ಚೆಲ್ಲಬೇಕು. ನಾನು ಮಾಡಿದ ತಪ್ಪೆಂದರೆ ಡಬ್ಬಿಯನ್ನು ಕಣದ ಬೇವಿನ ಮರದ ಪಕ್ಕದಲ್ಲಿ ಇಟ್ಟದ್ದು. ಸಣ್ಣ ಮಳೆಯನ್ನು ಮರವೇ ಕುಡಿದುಬಿಡುತ್ತಿತ್ತು, ದೊಡ್ಡ ಮಳೆಯಲ್ಲಿ ಎಲೆಗಳಿಂದ ತೊಟ್ಟಿಕ್ಕಿದ್ದೂ ಸೇರಿಕೊಳ್ಳುತ್ತಿತ್ತು. ಒಂದು ತಿಂಗಳ ಲೆಕ್ಕವನ್ನು ಹೊಡೆದುಹಾಕಿ, ಡಬ್ಬಿಯನ್ನು ಹೊಲದ ನಡುವಿನ ಬಯಲಿಗೆ ಒಯ್ದೆ.

ಪುಸ್ತಕದಲ್ಲಿ ತಾರೀಖು, ಮಿಲಿಮೀಟರ್, ಮಳೆಯ ನಕ್ಷತ್ರ ಮೂರನ್ನೂ ಬರೆಯುತ್ತೇನೆ. ದೊಡ್ಡಪ್ಪನ ಮಾತಿನ ಮೇಲೆ ನಾಲ್ಕನೆಯದಾಗಿ ಸೇರಿಸಿದ್ದು ಮಣ್ಣು ಎಷ್ಟು ಆಳ ನೆಂದಿದೆ ಎಂಬುದು. ನಿಜವಾಗಿ ಪ್ರಯೋಜನಕ್ಕೆ ಬಂದದ್ದು ಈ ನಾಲ್ಕನೆಯದೇ. ಮಾಗಿಯಲ್ಲಿ ಉತ್ತು ಬಿಟ್ಟಿದ್ದ ಕಡೆ ಇಪ್ಪತ್ತು ಮಿಲಿಮೀಟರ್ ಮಳೆಗೆ ಒಂದು ಗೇಣಿನ ಹತ್ತಿರ ನೆನೆದರೆ, ಉಳದೆ ಬಿಟ್ಟ ಇಳಿಜಾರಿನಲ್ಲಿ ಅದೇ ಮಳೆಗೆ ಅದರ ಅರ್ಧವೂ ಇಳಿದಿರಲಿಲ್ಲ. ಉಳಿದ ನೀರು ಹಳ್ಳ ಸೇರಿತ್ತು. ನೆಲ ಚೆನ್ನಾಗಿ ನೆಂದ ಮೇಲೆಯೇ ಹೊರಬರುವ, ಕೆಂಪು ಮಖಮಲ್ಲಿನಂಥ ಸಣ್ಣ ಹುಳಗಳನ್ನು ಮಕ್ಕಳು ಅಂಗೈಯ ಮೇಲೆ ಹರಿಯಬಿಟ್ಟುಕೊಂಡು ಬಂದ ದಿನವನ್ನೂ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ನಕ್ಷತ್ರದ ಲೆಕ್ಕವನ್ನು ಬರೀ ಗಾದೆಯ ಮಾತೆಂದು ಭಾವಿಸಿದ್ದ ನನಗೆ ನನ್ನ ಪುಸ್ತಕವೇ ಉತ್ತರ ಕೊಟ್ಟಿತು. ಜುಲೈನಲ್ಲಿ ಬರುವ ಪುನರ್ವಸು, ಪುಷ್ಯದ ಪುಟಗಳು ಬಹುಪಾಲು ಖಾಲಿ. ಸೆಪ್ಟೆಂಬರ್ ನಡುವಿನ ಉತ್ತರೆಯಿಂದ ಅಕ್ಟೋಬರ್‌ನ ಚಿತ್ತೆಯವರೆಗಿನ ಪುಟಗಳು ತುಂಬಿವೆ. ಇಲ್ಲಿ ಈಗಲೂ ಬಿತ್ತುವ, 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ತಳಿ ನೂರೈದು ದಿನದ ಆಸುಪಾಸಿನ ಬೆಳೆ. ಹೂ ಉದುರಿದ ಜಾಗದಿಂದ ಸೂಜಿಯಂಥ ಮೊನೆ ಮಣ್ಣಿಗೆ ಇಳಿದು ಕಾಯಿ ಕಟ್ಟುವಾಗ ನೆಲ ಮೆತ್ತಗಿರಬೇಕು. ಜುಲೈ ಮೊದಲ ವಾರ ಬಿತ್ತಿದರೆ ಆ ಹೊತ್ತು ಆಗಸ್ಟ್ ಕೊನೆಯ ಮಘೆಗೆ ಬಂದು ಬೀಳುತ್ತದೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಮಾತಿನ ಹಿಂದೆ ಇಂಥ ಲೆಕ್ಕವೇ ಇದ್ದಿರಬೇಕು.

ಮಳೆ ಹೆಚ್ಚಾದ ವರ್ಷವನ್ನೂ ಕಂಡದ್ದಾಯಿತು. 1933ರ ನಂತರ ಮೊದಲ ಬಾರಿಗೆ ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದ 2022ರಲ್ಲಿ ಊರಿನವರು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ನೀರು ನೋಡಿ ಬಂದರು, ನಾನೂ ಹೋಗಿದ್ದೆ. ಹಿಂತಿರುಗಿ ಬಂದು ಒಂದು ಗಿಡ ಕಿತ್ತರೆ ಕಾಯಿಯ ಸಿಪ್ಪೆ ಸೀಳಿಕೊಂಡು ಬಿಳಿ ಮೊಳಕೆ ಹೊರಗೆ ಇಣುಕುತ್ತಿತ್ತು. ಬಲಿತ ಬೀಜ ಹಸಿ ನೆಲದಲ್ಲಿ ನಾಲ್ಕು ದಿನ ಹೆಚ್ಚು ಕುಳಿತರೆ ಈ ತಳಿ ಸುಮ್ಮನಿರುವುದಿಲ್ಲ. ಮರುವರ್ಷ ಬರ. ಪುಸ್ತಕದಲ್ಲಿ ಬರೆಯಲು ಏನೂ ಇರಲಿಲ್ಲ. ಬೇಸಿಗೆಯಲ್ಲಿ ಹಟ್ಟಿಯವರ ಕುರಿಮಂದೆಯನ್ನು ಮೂರು ರಾತ್ರಿ ಹೊಲದಲ್ಲಿ ತಂಗಿಸಿ, ಗೊಬ್ಬರವನ್ನಾದರೂ ಮಾಡಿಕೊಂಡೆ.

ಆ ಮೂರು ರಾತ್ರಿಗಳಲ್ಲಿ ಕುರಿಯವರ ಪೈಕಿ ಒಬ್ಬಾತ ಡಬ್ಬಿಯನ್ನು ಬಗ್ಗಿ ಬಗ್ಗಿ ನೋಡಿ ವಿಚಾರಿಸಿಕೊಂಡ. ಮುಂದಿನ ಮುಂಗಾರಿಗೆ ಒಂದೂವರೆ ಮೈಲಿ ಆಚೆಯ ಅವರ ಹಟ್ಟಿಯಲ್ಲೂ ಒಂದು ಡಬ್ಬಿ ನಿಂತಿತು. ಆರಿದ್ರಾ ಮಳೆ ಒಂದು ರಾತ್ರಿ ಬಂದಾಗ ನನ್ನದರಲ್ಲಿ 9 ಮಿಲಿಮೀಟರ್, ಅವರದರಲ್ಲಿ 31. ದೊಡ್ಡಪ್ಪ ನನ್ನ ಹೊಲದಲ್ಲಿ ಬೆರಳು ಊರಿ ನೋಡಿ, "ಇನ್ನೂ ಆಗಿಲ್ಲ ಬಿಡು" ಎಂದರು. ಹಟ್ಟಿಯವರು ಅಂದೇ ಕೂರಿಗೆ ಹೂಡಿದರು. ನಾನು ಎತ್ತು ಹೊಡೆದುಕೊಂಡು ಅವರಿಗೆ ಮುಯ್ಯಾಳಾಗಿ ಹೋದೆ.