ಹಿನ್ನೀರಿನ ಮಾಡೆಲ್ ವಿಮಾನಕ್ಕೆ ನೀರಿನ ರಡ್ಡರ್: ಕೂರಿಸಿದ್ದು, ಹೊಂದಿಸಿದ್ದು

ಬಾಗಲಕೋಟೆ ಸುತ್ತಲಿನ ಆಲಮಟ್ಟಿ ಹಿನ್ನೀರು ಫ್ಲೋಟ್ (ನೀರಿನ ಮೇಲೆ ತೇಲಿಸುವ ದೋಣಿಯಂಥ ಕಾಲು) ಹಾಕಿದ ರಿಮೋಟ್ ವಿಮಾನಕ್ಕೆ ಚಲೋ ಜಾಗ, ನೀರಿನಲ್ಲಿ ಅದನ್ನು ಎಡಬಲ ತಿರುಗಿಸುವ ಅಲಗು, ಅಂದರೆ ರಡ್ಡರ್‌ಗೆ ಮಾತ್ರ ಕೆಟ್ಟ ಜಾಗ. ಜಲಾಶಯ ಪೂರ್ಣ ಮಟ್ಟಕ್ಕೆ, ಅಂದರೆ ಸಮುದ್ರಮಟ್ಟದಿಂದ 519.60 ಮೀಟರಿಗೆ ತುಂಬಿದಾಗ ದಂಡೆಯ ನೀರಿನಡಿ ಜಾಲಿ ಬೊಡ್ಡೆ, ಕಬ್ಬಿನ ಕೂಳೆ, ರಾಡಿ ಎಲ್ಲ ಇರುತ್ತದೆ. ಇಲ್ಲಿಯ ರಡ್ಡರ್ ಏನಾದರೂ ತಾಗಿದ ಕೂಡಲೇ ಹಿಂದಕ್ಕೆ ಮಡಚಿಕೊಂಡು ಮೇಲೇಳಬೇಕು. ಗಟ್ಟಿಯಾಗಿ ಬಿಗಿದರೆ ಫ್ಲೋಟಿನ ಹಿಂಬದಿಯೇ ಕಿತ್ತು ಬರುತ್ತದೆ.

ನನ್ನ ವಿಮಾನದ ರೆಕ್ಕೆ 1.5 ಮೀಟರ್, ಬ್ಯಾಟರಿ ಸಮೇತ ತೂಕ 2.3 ಕೆ.ಜಿ., ಫ್ಲೋಟ್ 85 ಸೆಂ.ಮೀ. ರಡ್ಡರ್ ಒಂದೇ, ಅದೂ ಎಡ ಫ್ಲೋಟಿಗೆ. ಹಿಂದೆ ನಿಂತು ನೋಡಿದರೆ ಪ್ರೊಪೆಲ್ಲರ್ ಬಲಕ್ಕೆ ತಿರುಗುತ್ತದೆ, ಅದರ ಪ್ರತಿಬಲಕ್ಕೆ ವಿಮಾನ ಎಡಕ್ಕೆ ವಾಲುತ್ತದೆ. ಎಡ ಫ್ಲೋಟ್ ತುಸು ಆಳಕ್ಕೆ ಇಳಿಯುವುದರಿಂದ ರಡ್ಡರ್ ನೀರು ಬಿಡುವುದಿಲ್ಲ. ಎಡಗಡೆಯಿಂದ ಜೋರು ಅಡ್ಡಗಾಳಿ ಬೀಸಿದರೆ ಈ ಲಾಭ ಹೋಗುತ್ತದೆ, ಅದನ್ನು ಒಪ್ಪಿಕೊಂಡೇ ಮಾಡಿದ್ದು.

ಅಲಗಿಗೆ 1 ಮಿ.ಮೀ. ಅಲ್ಯುಮಿನಿಯಂ ತಗಡು, ಅಗಲ 25, ಉದ್ದ 45 ಮಿ.ಮೀ. ಫ್ಲೋಟಿನ ತಳಕ್ಕಿಂತ 20 ಮಿ.ಮೀ. ಕೆಳಗೆ ಇಳಿದರೆ ಸಾಕು. ತಿರುಗುತ್ತಿಲ್ಲವೆಂದು ಅಲಗು ದೊಡ್ಡದು ಮಾಡುವವರೇ ಬಹಳ. ಹತ್ತಕ್ಕೆ ಎಂಟು ಸಲ ತಪ್ಪು ಜೋಡಣೆಯ ಸಡಿಲಿನಲ್ಲಿರುತ್ತದೆ. ಎಡಬಲ ತಿರುಗಲು ನಿಲುವಿನ ಅಚ್ಚು ಬೇಕು: 2 ಮಿ.ಮೀ. ಸೈಕಲ್ ಸ್ಪೋಕ್, ಅದು ಅಲುಗಾಡದೆ ಕೂರುವ ಹಿತ್ತಾಳೆ ಕೊಳವೆ. ಹಿಂದಕ್ಕೆ ಮಡಚಲು ಅಡ್ಡ ಅಚ್ಚು: ಎಂ3 (3 ಮಿ.ಮೀ. ದಪ್ಪದ) ಸ್ಕ್ರೂ, ತಾನಾಗಿ ಸಡಿಲಾಗದ ನೈಲಾನ್ ಲಾಕ್‌ನಟ್, ಎರಡೂ ಬದಿ ನೈಲಾನ್ ವಾಷರ್. ನಟ್ ಪೂರ್ತಿ ಬಿಗಿದು ಕಾಲು ಸುತ್ತು ಬಿಡಬೇಕು. ಅಲಗನ್ನು ಕೆಳಗೆ ಹಿಡಿದಿಡುವುದು ಸಣ್ಣ ರಬ್ಬರ್ ರಿಂಗ್. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಇಂಥ ಸಣ್ಣ ಭಾರ ತೋರಿಸುವುದಿಲ್ಲ. ದಾರಕ್ಕೆ 150 ಗ್ರಾಂ ತೂಕದ ಬಟ್ಟು ಕಟ್ಟಿ, ಅಲಗಿನ ತುದಿಯನ್ನು ಹಿಂದಕ್ಕೆ ಎಳೆಯುವಂತೆ ಇಳಿಬಿಟ್ಟು ನೋಡುತ್ತೇನೆ. ಅಲಗು ಸರಕ್ಕನೆ ಮಡಚಬೇಕು, 50 ಗ್ರಾಮಿಗೆ ಜಗ್ಗಬಾರದು. ಪೂರ್ತಿ ತಿರುಗಿಸಿ ನಿಧಾನ ಸಾಗುವಾಗ ನೀರೇ ಸುಮಾರು ಅಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ.

ರಡ್ಡರ್ ತಿರುಗಿಸುವ ಸಣ್ಣ ಮೋಟಾರು, ಅಂದರೆ ಸರ್ವೋ, ಫ್ಲೋಟಿನೊಳಗೆ ಬೇಡ. 9 ಗ್ರಾಮಿನ ಸರ್ವೋವನ್ನು ವಿಮಾನದ ಹೊಟ್ಟೆಯಲ್ಲಿಟ್ಟು, 0.8 ಮಿ.ಮೀ. ಉಕ್ಕಿನ ತಂತಿಯನ್ನು ನೈಲಾನ್ ಕೊಳವೆಯೊಳಗೆ, ಫ್ಲೋಟನ್ನು ವಿಮಾನಕ್ಕೆ ಜೋಡಿಸುವ ಹಿಂದಿನ ಕಾಲಿನಗುಂಟ ಇಳಿಸಿ, ಫ್ಲೋಟಿನ ಮೇಲ್ಮೈಯಲ್ಲೇ ಒಯ್ದಿದ್ದೇನೆ. ಫ್ಲೋಟಿಗೆ ತೂತು ಹಾಕಿದರೆ ಇವತ್ತಲ್ಲ ನಾಳೆ ನೀರು ಕುಡಿಯುತ್ತದೆ. ಕೊಳವೆಯನ್ನು 8 ಸೆಂ.ಮೀ.ಗೆ ಒಂದರಂತೆ ಕಟ್ಟಬೇಕು. ಇಲ್ಲದಿದ್ದರೆ ಸರ್ವೋ ತಿರುಗಿದರೂ ಕೊಳವೆ ಬಾಗುತ್ತದೆ, ಅಲಗು ನಿಂತಲ್ಲೇ ಇರುತ್ತದೆ.

ಹೊಂದಿಸುವುದಕ್ಕೆ ಮುಂಚೆ ಎರಡು ಫ್ಲೋಟ್‌ಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ಅಳೆಯಬೇಕು. 2 ಮಿ.ಮೀ. ವ್ಯತ್ಯಾಸವಿದ್ದರೂ ರಡ್ಡರ್ ತಿರುವಿ ಅದನ್ನು ಸರಿ ಮಾಡಲು ಹೋಗಬೇಡಿ, ಕಾಲುಗಳನ್ನೇ ಸರಿಪಡಿಸಿ. ಆಮೇಲೆ ಟ್ರಿಮ್ (ರೇಡಿಯೋದಲ್ಲಿ ನಡುಸ್ಥಾನವನ್ನು ತುಸು ಸರಿಸುವ ಗುಂಡಿ) ಸೊನ್ನೆಗೆ ತಂದು, ಫ್ಲೋಟಿನ ಮೂತಿಯಿಂದ ತಳದ ನಡುಗೆರೆಯಗುಂಟ ದಾರ ಎಳೆದು ಅಲಗಿನ ಹಿಂದಿನ ಅಂಚಿಗೆ ತರಬೇಕು. ಅಲಗು ದಾರದಿಂದ 1 ಮಿ.ಮೀ. ಸರಿದಿದ್ದರೆ ತಂತಿಯ ತುದಿಯ ಕ್ಲೆವಿಸ್ (ತಿರುಗಿಸಿ ಉದ್ದ ಹೊಂದಿಸುವ ಕೊಂಡಿ) ಅರ್ಧರ್ಧ ಸುತ್ತು ತಿರುಗಿಸಿ ಕೂಡಿಸುತ್ತೇನೆ. ಟ್ರಿಮ್‌ನಿಂದ ಸರಿಪಡಿಸಬಾರದು, ಎಡಬಲದ ತಿರುವು ಏರುಪೇರಾಗುತ್ತದೆ. ಎರಡೂ ಕಡೆ 30 ಡಿಗ್ರಿ ಸಾಕು. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಅಲಗು ನೀರನ್ನು ತಡೆಯುತ್ತದೆಯೇ ಹೊರತು ವಿಮಾನ ಹೆಚ್ಚು ತಿರುಗುವುದಿಲ್ಲ.

ದೊಡ್ಡ ಸೀಪ್ಲೇನ್‌ಗಳಲ್ಲಿ ಏರುವ, ಇಳಿಯುವ ಮುನ್ನ ಪೈಲಟ್ ಕೇಬಲ್ ಎಳೆದು ನೀರಿನ ರಡ್ಡರ್‌ಗಳನ್ನು ಮೇಲೆತ್ತುತ್ತಾರೆ. ನಮ್ಮದರಲ್ಲಿ ಆ ಏರ್ಪಾಡಿಲ್ಲ. ಅದಕ್ಕೇ ರೇಡಿಯೋದಲ್ಲಿ ಒಂದು ಸ್ವಿಚ್: ಮೇಲಿದ್ದರೆ ನೀರಿನ ರಡ್ಡರ್ ಬಾಲದ ರಡ್ಡರ್ ಜೊತೆ ತಿರುಗುತ್ತದೆ, ಕೆಳಗಿದ್ದರೆ ನೇರ ನಿಂತುಬಿಡುತ್ತದೆ. ಹಾರಿಸಲು ಥ್ರಾಟಲ್ (ಮೋಟಾರಿನ ವೇಗ) ಏರಿಸುವ ಮುಂಚೆ ಮತ್ತು ಇಳಿಸುವ ಮುಂಚೆ ಸ್ವಿಚ್ ಕೆಳಗೆ. ಬಾಲ ತಗ್ಗಿಸಿ ಇಳಿದಾಗ ನೀರಿಗೆ ಮೊದಲು ತಾಗುವುದೇ ಈ ಅಲಗು. ಅದು ಸೊಟ್ಟಗಿದ್ದರೆ ವಿಮಾನ ಗಕ್ಕನೆ ಹೊರಳಿ, ಹೊರಬದಿಯ ಫ್ಲೋಟಿನ ಮೂತಿ ಮುಳುಗಿ, ರೆಕ್ಕೆ ನೀರಿಗೆ ಬಡಿಯುತ್ತದೆ.

ಇಲ್ಲಿಯ ನೀರು ಸಿಹಿ, ತುಕ್ಕಿನ ಕಾಟ ಕಡಿಮೆ. ತೊಂದರೆ ಹೂಳಿನದು. ಹಿತ್ತಾಳೆ ಕೊಳವೆಯೊಳಗೆ ಹೊಕ್ಕ ಹೂಳು ಉಜ್ಜುಕಾಗದದ ಹಾಗೆ ಕೆಲಸ ಮಾಡಿ ಕೊಳವೆಯನ್ನು ಸವೆಸುತ್ತದೆ. ಎಣ್ಣೆ ಹಾಕಿದರೆ ಹೂಳು ಇನ್ನೂ ಅಂಟುತ್ತದೆ. ನಾನು ಹಚ್ಚುವುದು ಮೇಣ. ಹಾರಿಸಿ ಬಂದ ಮೇಲೆ ನಲ್ಲಿ ನೀರಿನಲ್ಲಿ ತೊಳೆಯಿರಿ. ಬೋರ್ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಬಿಳಿ ಪೊರೆ ಕಟ್ಟಿ ಅಚ್ಚು ಬಿಗಿಯುತ್ತದೆ. ಅಲಗಿನ ಹಿಂದಿನ ಅಂಚನ್ನು ಬೆರಳಿನಿಂದ ಅಲುಗಾಡಿಸಿದಾಗ ಆಟ 1.5 ಮಿ.ಮೀ. ದಾಟಿದರೆ ಮೊದಲು ಸರ್ವೋ ತೋಳಿನ ತೂತು ನೋಡಿ, ಆಮೇಲೆ ಸ್ಪೋಕ್. ರಬ್ಬರ್ ರಿಂಗ್ ನಮ್ಮ ಬಿಸಿಲಿಗೆ ಬೇಗ ಸೆಟೆದುಕೊಳ್ಳುತ್ತದೆ, ಬಿರುಕು ಕಾಣುವವರೆಗೂ ಕಾಯದೆ ಬದಲಿಸಿ. ಪೆಟ್ಟಿಗೆಯಲ್ಲಿ ನಾಲ್ಕು ರಿಂಗ್, ಒಂದು ಅಲಗು, ಎರಡು ಎಂ3 ಲಾಕ್‌ನಟ್ ಹೆಚ್ಚಿಗೆ ಇರಲಿ. ಒಮ್ಮೆ ಬಿಚ್ಚಿದ ಲಾಕ್‌ನಟ್ ಮತ್ತೆ ಅಷ್ಟು ಹಿಡಿಯುವುದಿಲ್ಲ.