ಕಡಲ ಹುಳುವಿನ ರಕ್ತದಲ್ಲಿ ಕಿಣ್ವ ಇದೆಯಾ? ಪರೀಕ್ಷಿಸುವುದು ಹೀಗೆ

ಒಂದು ಕಡಲ ಹುಳುವಿನ ಹಿಮೋಗ್ಲೋಬಿನ್ ಆಮ್ಲಜನಕ ಹೊರುವುದರ ಜೊತೆಗೆ ವಿಷ ಮುರಿಯುವ ಕಿಣ್ವವಾಗಿಯೂ ದುಡಿಯುತ್ತದೆ. ನಮ್ಮ ಕರಾವಳಿಯ ಹುಳುಗಳಲ್ಲೂ ಹಾಗಿದೆಯಾ ಅಂತ ನೋಡುವ ಬಗೆ ಇಲ್ಲಿದೆ. ಬೆಂಗಳೂರಲ್ಲಿ ಕೂತು ಕಡಲ ಹುಳು ಓದುವುದಾ ಅಂತ ನಗಬೇಡಿ. ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ ಬೆಳಿಗ್ಗೆ ಕಾರವಾರ. ಹೊರಡುವ ಮೊದಲು ಇಳಿತದ ಹೊತ್ತು ನೋಡಿಕೊಳ್ಳಿ. ನೀರು ಸರಿದಾಗಲೇ ಕಾಳಿ ನದಿಯ ಅಳಿವೆಯ ಕೆಸರಿಗೆ ಕೈ ಹಾಕಲು ಆಗುವುದು.

ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಗೆ ಹಾಕಿ, ಸಮುದ್ರದ ನೀರಲ್ಲೇ ತೊಳೆಯಿರಿ. ಸಿಹಿನೀರು ತಾಗಿದರೆ ಹುಳುವಿನ ಮೈ ಊದಿಕೊಳ್ಳುತ್ತದೆ.

ಸಿಕ್ಕ ಹುಳುಗಳನ್ನು ಅಲ್ಲೇ ಮೂರು ಪಾಲು ಮಾಡಿ. ಆಕಾರ ನೋಡಲು ಕೆಲವನ್ನು ಫಾರ್ಮಲಿನ್‌ಗೆ ಹಾಕಿ. ಡಿಎನ್‌ಎಗೆ ಬೇಕಾದವು 95% ಆಲ್ಕೋಹಾಲ್‌ಗೆ. ರಕ್ತ ಬೇಕಾದರೆ ಹುಳು ಜೀವಂತ ಇರಬೇಕು, ಅವನ್ನು ತಂಪಾದ ಥರ್ಮಾಕೋಲ್ ಡಬ್ಬಿಯಲ್ಲಿ ತನ್ನಿ. ಮೊದಲ ಸಲ ನಾನು ಎಲ್ಲವನ್ನೂ ಫಾರ್ಮಲಿನ್‌ಗೆ ಸುರಿದು ಬಂದಿದ್ದೆ. ರಕ್ತವೂ ಹೋಯಿತು, ಡಿಎನ್‌ಎಯೂ ಹೋಯಿತು! ಇನ್ನೊಂದು ಮಾತು: ಫಾರ್ಮಲಿನ್‌ಗೆ ಮೊದಲು ಮೆಗ್ನೀಸಿಯಂ ಕ್ಲೋರೈಡ್ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಹುಳು ಸಡಿಲವಾಗುತ್ತದೆ. ಇಲ್ಲದಿದ್ದರೆ ಸುರುಳಿ ಸುತ್ತಿಕೊಂಡು ತಲೆಯೇ ಕಾಣುವುದಿಲ್ಲ.

ಗುರುತು ಇರುವುದೆಲ್ಲ ತಲೆಯಲ್ಲೇ. ನಾಲ್ಕು ಕಣ್ಣು, ಒಂದು ಜೊತೆ ಗಟ್ಟಿ ದವಡೆ ಕಂಡರೆ ಅದು ನೀರಿಡ್ ಕುಟುಂಬದ್ದಿರಬಹುದು. ಶಾವಿಗೆಯಂಥ ಎಳೆಗಳ ಗೊಂಚಲಿದ್ದರೆ ಟೆರೆಬೆಲ್ಲಿಡ್ ಕುಟುಂಬದ್ದು ಅಂದುಕೊಳ್ಳಿ, ಆದರೆ ಅವಸರ ಬೇಡ. ಎಳೆಗಳನ್ನು ಬಾಯೊಳಗೆ ಎಳೆದುಕೊಂಡರೆ ಅದು ಬೇರೆ ಕುಟುಂಬ. ಆಮೇಲೆ ಕಿವಿರುಗಳ ಜೋಡಿ ಎಣಿಸಿ, ಪಕ್ಕದ ಕೊಕ್ಕೆಗಳನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಭಾರತದ ಕಡಲ ಹುಳುಗಳ ಬಗ್ಗೆ ಫೋವೆಲ್ ಬರೆದ 1953ರ ಪುಸ್ತಕ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಹಳೇ ಪಟ್ಟಿಗಳಲ್ಲಿ ಯುರೋಪಿನ ಹೆಸರುಗಳನ್ನು ನಮ್ಮ ಹುಳುಗಳಿಗೆ ಸುಮ್ನೆ ಅಂಟಿಸಿದ್ದು ಜಾಸ್ತಿ. ಹಾಗಾಗಿ ಜಾತಿ ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ ಓದಿಸಿ ತಾಳೆ ನೋಡುವುದು ಒಳ್ಳೆಯದು.

ಹೆಸರಿಗೆ ಇಷ್ಟು ಪರದಾಟ ಯಾಕೆ? ಅಮೆರಿಕದ ಪೂರ್ವ ಕರಾವಳಿಯ ಆಂಫಿಟ್ರೈಟ್ ಆರ್ನೇಟಾ ಎಂಬ ಟೆರೆಬೆಲ್ಲಿಡ್ ಹುಳುವನ್ನೇ ತೆಗೆದುಕೊಳ್ಳಿ. ಅದೇ ಕೆಸರಲ್ಲಿರುವ ಇನ್ನೊಂದು ಹುಳು ಬ್ರೋಮೊಫಿನಾಲ್ ವಿಷ ಬಿಡುತ್ತದೆ. ಆರ್ನೇಟಾದ ಹಿಮೋಗ್ಲೋಬಿನ್ ಆಮ್ಲಜನಕ ಹೊರುವುದರ ಜೊತೆಗೆ, ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಆ ವಿಷವನ್ನೂ ಮುರಿಯುತ್ತದೆ. 1996ರಲ್ಲಿ ವರದಿಯಾದ ಈ ಪ್ರೋಟೀನಿಗೆ ಡಿಹ್ಯಾಲೊಪೆರಾಕ್ಸಿಡೇಸ್ ಎಂದು ಹೆಸರು. ಕಿಣ್ವದ ಕೆಲಸ, ಮೈಕಟ್ಟು ಮಾತ್ರ ಗ್ಲೋಬಿನ್‌ದು, ಅಂದರೆ ಹಿಮೋಗ್ಲೋಬಿನ್ ಬಳಗದ ಪ್ರೋಟೀನಿನದು. ನಿಮ್ಮ ಹುಳು ಅದರ ನೆಂಟ ಹೌದೋ ಅಲ್ಲವೋ ಗೊತ್ತಿಲ್ಲದಿದ್ದರೆ ಪರೀಕ್ಷೆಗೆ ಅರ್ಥವೇ ಇಲ್ಲ, ಅಲ್ವಾ?

ರಕ್ತ ತೆಗೆಯುವಾಗ ನೆನಪಿಡಿ: ಟೆರೆಬೆಲ್ಲಿಡ್‌ಗಳಲ್ಲಿ ನಾಳದ ಹಿಮೋಗ್ಲೋಬಿನ್ ದೊಡ್ಡದು, ದ್ರವದಲ್ಲೇ ಕರಗಿರುತ್ತದೆ. ನಮಗೆ ಬೇಕಾದ ಚಿಕ್ಕದು ದೇಹದ ಕುಹರದ ಕೆಂಪು ಕೋಶಗಳೊಳಗೆ ಇರುತ್ತದೆ. ಸಣ್ಣ ಸೂಜಿಯಿಂದ ಕುಹರದ ದ್ರವ ಎಳೆದು, ಸೆಂಟ್ರಿಫ್ಯೂಜ್‌ನಲ್ಲಿ ಮೆಲ್ಲಗೆ ತಿರುಗಿಸಿ. ತಳದ ಕೆಂಪು ಗಸಿಯನ್ನು ಉಪ್ಪುನೀರಲ್ಲಿ ತೊಳೆದು, ಕಡೆಗೆ ಡಿಸ್ಟಿಲ್ಡ್ ನೀರಲ್ಲಿ ಒಡೆಯಿರಿ.

ಈಗ ಆ ದ್ರವಕ್ಕೆ ಗ್ವಾಯಕಾಲ್ (ಇಂಥ ಕಿಣ್ವ ಮುಟ್ಟಿದರೆ ಬಣ್ಣ ಕೊಡುವ ರಾಸಾಯನಿಕ), ಒಂದಿಷ್ಟು ಪೆರಾಕ್ಸೈಡ್ ಸೇರಿಸಿ. ಕಿತ್ತಳೆಗಂದು ಬಣ್ಣ ಬರುತ್ತದೆ, 470 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಗ್ವಾಯಕಾಲ್ ಬದಲು ಟ್ರೈಕ್ಲೋರೊಫಿನಾಲ್ ಬಳಸುವವರೂ ಇದ್ದಾರೆ. ಅದು ವಿಷ, ಫ್ಯೂಮ್ ಹುಡ್ ಇಲ್ಲದೆ ಮುಟ್ಟಬೇಡಿ.

ಬಣ್ಣ ನೋಡಿ ಕುಣಿಯುವವರೇ ಹೆಚ್ಚು. ನಿಜ ಹೇಳಬೇಕೆಂದರೆ ಯಾವ ರಕ್ತ ಹಾಕಿದರೂ ಸ್ವಲ್ಪ ಬಣ್ಣ ಬರುತ್ತದೆ. ಹಿಮೋಗ್ಲೋಬಿನ್‌ನೊಳಗಿನ ಕಬ್ಬಿಣದ ಭಾಗಕ್ಕೆ ಹೀಮ್ ಎನ್ನುತ್ತಾರೆ, ಅದರ ಕಬ್ಬಿಣಕ್ಕೇ ಆ ಗುಣವಿದೆ. ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕುದಿಸಿದ ರಕ್ತದ ನಳಿಕೆಯ ಜೊತೆ ಹೋಲಿಸಿದರೆ ಸಾಲದು. ಅಷ್ಟೇ ಹೀಮ್ ಇರುವ ಕುದುರೆ ಮಯೋಗ್ಲೋಬಿನ್ (ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಪ್ರೋಟೀನ್) ಪಕ್ಕದಲ್ಲಿಟ್ಟು ಬಣ್ಣ ಏರುವ ವೇಗ ನೋಡಿ. ಗ್ರಾಫಿನಲ್ಲಿ ಎರಡೂ ಗೆರೆಗಳು ಒಂದೇ ಏರಿನಲ್ಲಿ ಹೋದರೆ ನೋಟ್‌ಬುಕ್‌ನಲ್ಲಿ ‘ಹಿಮೋಗ್ಲೋಬಿನ್’ ಅಂತಷ್ಟೇ ಬರೆಯಿರಿ, ‘ಕಿಣ್ವ’ ಅಂತ ಬರೆಯಬೇಡಿ.